ಬಿಡುವಿನ ವೇಳೆಗೆ: ಹಲಗೆಯಲ್ಲಿ ಅರಳಿದ ತಾವರೆ



ಹೋದ ಸಲ ಹಳೆಯ ಸೀರೆಗಳಿಂದ ಕೌದಿ ಹೊಲಿಯೋದನ್ನು ಹೇಳಿದ್ದೆ. ಈ ಸಲ ಸೂಜಿ ಕೆಳಗಿಟ್ಟು ಉಳಿ ಹಿಡಿಯೋಣ. "ಅಯ್ಯೋ, ಅದು ಆಚಾರ್ರ ಕೆಲಸ, ನಮಗ್ಯಾಕೆ?" ಅಂತ ಪುಟ ತಿರುವಬೇಡಿ. ನಮ್ಮ ಮನೆಯವರೂ ಹಾಗೇ ಹೇಳಿ ನಕ್ಕಿದ್ದರು.

ನನಗೆ ಈ ಗೀಳು ಹತ್ತಲು ಒಂದು ಕಾರಣವಿದೆ. ನನ್ನ ತವರುಮನೆಯ ಮುಂಬಾಗಿಲಿನ ಮೇಲ್ಪಟ್ಟಿಯಲ್ಲಿ ಎಂಟು ದಳದ ಒಂದು ತಾವರೆ ಇತ್ತು. ಯುಗಾದಿಗೆ ತೋರಣ ಕಟ್ಟುವಾಗ ಅಪ್ಪ ನನ್ನನ್ನು ಎತ್ತಿ ಹಿಡಿಯುತ್ತಿದ್ದರು, ನಾನು ಆ ಹೂವಿಗೆ ಕುಂಕುಮ ಇಡುತ್ತಿದ್ದೆ. ಅಣ್ಣಂದಿರು ಪಾಲಾದಾಗ ಮನೆ ಕೆಡವಿದರು. ಬಾಗಿಲು ಹಳೇ ಸಾಮಾನಿನ ವ್ಯಾಪಾರಿಯ ಪಾಲಾಯಿತು. ಆ ಪಟ್ಟಿಯನ್ನಾದರೂ ಕೊಡಿ ಅಂತ ಕೇಳಿದೆ. "ಕೊಟ್ಟ ಹೆಣ್ಣಿಗೆ ಬಾಗಿಲ್ಯಾಕೆ?" ಅಂದರು. ಅತ್ತು ಸುಮ್ಮನಾದೆ. ಆಮೇಲೆ ಅನ್ನಿಸಿತು, ಆ ಹೂವು ನನ್ನ ಬೆರಳಿಗೆ ಗೊತ್ತಿದೆಯಲ್ಲ, ನಾನೇ ಯಾಕೆ ಕೆತ್ತಬಾರದು?

ಮೊದಲ ಹಲಗೆ ಹಾಳಾಯಿತು. ನೇರವಾಗಿ ದಳಕ್ಕೇ ಉಳಿ ಇಟ್ಟೆ, ದಳ ಸಿಡಿದು ಬಂತು. ಸಾಲದ್ದಕ್ಕೆ ಹಲಗೆಯನ್ನು ಎಡಗೈಯಲ್ಲಿ ಹಿಡಿದಿದ್ದೆ. ಉಳಿ ಜಾರಿ ಅಂಗೈಗೆ ನಾಲ್ಕು ಹೊಲಿಗೆ ಬಿತ್ತು. ಅದೇ ವಾರ ಕಿಟಕಿ ರಿಪೇರಿಗೆ ಬಂದಿದ್ದ ವಯಸ್ಸಾದ ಆಚಾರ್ರು ನನ್ನ ಹಲಗೆ ನೋಡಿ ನಗಲಿಲ್ಲ. "ಅಮ್ಮಾ, ಮೊದಲೇ ಹೂವನ್ನು ಮುಟ್ಟಬೇಡಿ. ಸುತ್ತಲಿನ ನೆಲ ಇಳಿಸಿ. ನೆಲ ಇಳಿದರೆ ಹೂವು ತಾನೇ ಮೇಲೆ ಬರ್ತದೆ" ಅಂದರು. ಉಬ್ಬುಕೆತ್ತನೆಯ ಗುಟ್ಟು ಇಷ್ಟೇ.

ಬೇಕಾಗುವ ಸಾಮಾನು

ಹಲಗೆ: 8 ಅಂಗುಲ ಚೌಕ, 1 ಅಂಗುಲ ದಪ್ಪ. ಗಂಟಿಲ್ಲದ, ಚೆನ್ನಾಗಿ ಒಣಗಿದ ತುಂಡೇ ಆಗಬೇಕು. ಹಸಿ ಮರ ಆಮೇಲೆ ಬಿರಿಯುತ್ತದೆ. ಶಿವನಿ ಮರ ಸಿಕ್ಕರೆ ಬಹಳ ಒಳ್ಳೆಯದು. ಸಾಗರ, ಸೊರಬದ ಕಡೆಯ ಗುಡಿಗಾರರು ಶ್ರೀಗಂಧದ ಜೊತೆಗೆ ಶಿವನಿಯಲ್ಲೂ ಕೆತ್ತುತ್ತಾರೆ. ತಿಳಿ ಬಣ್ಣ, ಉಳಿಗೆ ಹಟ ಮಾಡೋದಿಲ್ಲ. ಇಲ್ಲದಿದ್ದರೆ ತೇಗವೂ ಆದೀತು. ಬೀಟೆ ಗಟ್ಟಿ, ಕಲಿಯುವವರಿಗೆ ಬೇಡ.

ಉಪಕರಣ: ಅರ್ಧ ಅಂಗುಲ ಮತ್ತು ಕಾಲು ಅಂಗುಲದ ಎರಡು ಚಪ್ಪಟೆ ಉಳಿ, ದುಂಡು ಬಾಯಿಯ ಒಂದು ಉಳಿ, ಮರದ ಕೊಡತಿ, ಸಾಣೆಕಲ್ಲು, ಕಾರ್ಬನ್ ಕಾಗದ. ಉಳಿ ಹರಿತವಾಗಿರಲಿ. ಮೊಂಡು ಉಳಿಗೆ ಜಾಸ್ತಿ ಬಲ ಹಾಕುತ್ತೇವೆ, ಆಗಲೇ ಅದು ಜಾರುವುದು.

ಮಾಡುವ ವಿಧಾನ

ಮೊದಲು ಹಲಗೆ ಅಲುಗಬಾರದು. ಹಳೆಯ ಮೇಜಿನ ಮೇಲೆ ಎರಡು ಪಟ್ಟಿಗಳನ್ನು ಮೂಲೆ ಕೂಡುವ ಹಾಗೆ ಮೊಳೆ ಹೊಡೆದು, ಆ ಮೂಲೆಗೆ ಹಲಗೆಯನ್ನು ಒತ್ತಿ ಇಡಿ. ಉಳಿಯ ಬಾಯಿಯ ಮುಂದೆ ಯಾವ ಕೈಯೂ ಇರಕೂಡದು. ನನ್ನ ನಾಲ್ಕು ಹೊಲಿಗೆ ನೆನಪಿರಲಿ!

ಕಾಗದದ ಮೇಲೆ ಹೂ ಬರೆದು, ಕಾರ್ಬನ್ ಇಟ್ಟು ಹಲಗೆಗೆ ಇಳಿಸಿ. ರಂಗೋಲಿ ಬರೆಯುವ ಕೈಗೆ ಇದೇನು ಕಷ್ಟ? ಹಲಗೆಯ ನಾಲ್ಕೂ ಅಂಚಿನಲ್ಲಿ, ಮೇಲಿನಿಂದ ಕಾಲು ಅಂಗುಲ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ನೆಲ ಅಲ್ಲಿಯವರೆಗೆ ಇಳಿದರೆ ಸಾಕು.

ಈಗ ಹೂವಿನ ಗೆರೆಯಿಂದ ಕೂದಲೆಳೆಯಷ್ಟು ಹೊರಗೆ ಉಳಿಯನ್ನು ನೆಟ್ಟಗೆ ನಿಲ್ಲಿಸಿ ಕೊಡತಿಯಿಂದ ಮೆಲ್ಲಗೆ ಬಡಿಯಿರಿ. ಸುತ್ತಲೂ ಹೀಗೆ ಕಚ್ಚು ಹಾಕಿದ ಮೇಲೆ, ಹೊರಗಿನಿಂದ ಹೂವಿನ ಕಡೆಗೆ ಉಳಿಯನ್ನು ಓರೆಯಾಗಿ ತಳ್ಳಿ. ಕೊಬ್ಬರಿ ಹೋಳಿನ ಹಾಗೆ ಚಕ್ಕೆ ಏಳುತ್ತದೆ, ಕಚ್ಚು ಬಂದಲ್ಲಿ ನಿಲ್ಲುತ್ತದೆ. ಮತ್ತೆ ಕಚ್ಚು, ಮತ್ತೆ ಚಕ್ಕೆ. ಒಂದೇ ಸಲಕ್ಕೆ ಆಳಕ್ಕೆ ಹೋಗಬೇಡಿ. ಮರ ಹರಿದ ಹಾಗೆ ಏಳುತ್ತಿದ್ದರೆ ನಾರಿಗೆ ಎದುರಾಗಿ ಹೋಗುತ್ತಿದ್ದೀರಿ ಅಂತ ಅರ್ಥ. ಹಲಗೆ ತಿರುಗಿಸಿ ಆ ಕಡೆಯಿಂದ ಕೆತ್ತಿ. ನಾರಿಗೆ ಅಡ್ಡ ಬರುವ ದಳದ ತುದಿ ಬೇಗ ಮುರಿಯುತ್ತದೆ, ಅಲ್ಲಿ ಕೈ ಹಗುರವಾಗಿರಲಿ.

ನೆಲ ಸಮವಾದ ಮೇಲಷ್ಟೇ ಹೂವಿಗೆ ಬನ್ನಿ. ಹಿಂದಿನ ದಳವನ್ನು ಸ್ವಲ್ಪ ತಗ್ಗಿಸಿ, ಮುಂದಿನದರ ಅಂಚನ್ನು ದುಂಡಗೆ ಮಾಡಿ. ದಳದ ಗೆರೆಗಳು ಕೊನೆಗೆ. ಮರಳು ಕಾಗದದಿಂದ ನಾರಿನ ಉದ್ದಕ್ಕೆ ಹಗುರವಾಗಿ ಉಜ್ಜಿ, ಅಗಸೆ ಎಣ್ಣೆ ತೆಳ್ಳಗೆ ಸವರಿ ಒರೆಸಿ.

ಎಚ್ಚರಿಕೆ: ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ.

ಮಧ್ಯಾಹ್ನ ಅಡಿಗೆಮನೆ ಮುಗಿದ ಮೇಲೆ ದಿನಕ್ಕೊಂದು ಗಂಟೆ ಕೂತು, ನನ್ನ ಎರಡನೇ ತಾವರೆ ಒಂದು ತಿಂಗಳಲ್ಲಿ ಮುಗಿಯಿತು. ಒಂದು ದಳ ದಪ್ಪ, ಇನ್ನೊಂದು ಸಣ್ಣ. ಆದರೂ ದೇವರಮನೆ ಬಾಗಿಲ ಮೇಲೆ ಏರಿಸಿದ್ದೇನೆ. ಈ ಯುಗಾದಿಗೆ ಅದಕ್ಕೆ ಕುಂಕುಮ ಇಟ್ಟವಳು ನನ್ನ ಮಗಳು. ಹಬ್ಬಕ್ಕೆ ಬಂದ ದೊಡ್ಡಣ್ಣ ಅದರ ಕೆಳಗೆ ತುಂಬಾ ಹೊತ್ತು ನಿಂತ, ದಳ ಮುಟ್ಟಿ ನೋಡಿದ. ಊಟಕ್ಕೆ ಕೂತಾಗ ತಲೆ ಎತ್ತದೆ, "ನಂಗೂ ಒಂದು ಮಾಡಿಕೊಡ್ತೀಯೇನೇ?" ಅಂದ.

ಹಲಗೆ ತಂದಿಟ್ಟಿದ್ದೇನೆ. ನೀವೂ ಒಂದು ತಂದಿಡಿ, ಏನಂತೀರಿ?