ಅಜ್ಜ ಕೂತ ಜಾಗ ಸರಿಯಿರಲಿಲ್ಲ

ಮಕ್ಕಳೇ, ತಪ್ಪು ತೀರ್ಪು ಕೊಟ್ಟ ಅಜ್ಜನೊಬ್ಬನ ಕಥೆ ಈ ವಾರ. ಆ ಅಜ್ಜ ಬೇರೆ ಯಾರೂ ಅಲ್ಲ, ನಾನೇ.

ಏಪ್ರಿಲ್ ರಜೆ ಬಂತೆಂದರೆ ಶಿರಸಿಯ ಹತ್ತಿರದ ನಮ್ಮ ಮನೆ ತುಂಬುತ್ತದೆ. ಸಿದ್ದಾಪುರದಿಂದ ದೊಡ್ಡ ಮಗಳ ಮಗ, ಯಲ್ಲಾಪುರದಿಂದ ಸಣ್ಣ ಮಗಳ ಮಗಳು. ಮನೆಯಲ್ಲೇ ಇರುವವನು ಮಗನ ಮಗ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಈ ಸಲ ಮೂವರೂ ಸೇರಿ ಕಾರ್ ರೇಸ್ ಹೂಡಿದರು. ಅಂಗಡಿಯ ಕಾರಲ್ಲ. ಗೇಣಿಗಿಂತ ಚಿಕ್ಕದಾದ ಮೆದು ಮರದ ತುಂಡು ಕೆತ್ತಿ, ನೀರಿನ ಬಾಟಲಿಯ ಮುಚ್ಚಳವನ್ನೇ ಚಕ್ರ ಮಾಡಿ, ಹಾಳಾದ ಕೊಡೆಯ ಕಡ್ಡಿಯನ್ನು ಅಚ್ಚಿಗೆ ಹಾಕಿದ ಕಾರು. ರಸ್ತೆಯೆಂದರೆ 12 ಅಡಿ ಉದ್ದದ ಎರಡು ಅಡಿಕೆ ದಬ್ಬೆ. ತಿರುಳು ಕೆರೆದು, ಒಂದು ತುದಿಯನ್ನು ಜಗಲಿಯ ಕಟ್ಟೆಯ ಮೇಲಿಟ್ಟು, ಇನ್ನೊಂದನ್ನು ಅಂಗಳಕ್ಕೆ ಇಳಿಬಿಟ್ಟಿದ್ದರು. ಎರಡೂ ಕಾರಿಗೆ ಅಡ್ಡವಾಗಿ ಒಂದೇ ಅಡಿಪಟ್ಟಿ. ಅದನ್ನು ಎತ್ತಿದರೆ ಎರಡೂ ಒಟ್ಟಿಗೇ ಹೊರಡುತ್ತವೆ. ದಬ್ಬೆ ಮುಗಿದಲ್ಲಿಂದ ಒಂದು ಗೇಣು ಮುಂದೆ, ಬದಿಯಲ್ಲಿ, ಒಂದು ದಾಸವಾಳದ ಕೋಲು ಊರಿದರು. ಅದೇ ಗುರಿ.

ತೀರ್ಪುಗಾರ ನಾನು. ಜಗಲಿಯ ಆರಾಮ ಕುರ್ಚಿಯಿಂದ ಏಳದೇ ಮಾಡುವ ಕೆಲಸ ಸಿಕ್ಕರೆ ಯಾವ ಅಜ್ಜ ಬೇಡವೆಂದಾನು?

ಎರಡು ದಿನದಲ್ಲಿ ಸಿದ್ದಾಪುರದ ಮಾಣಿ ಹತ್ತಕ್ಕೆ ಒಂಬತ್ತು ಗೆದ್ದ. ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಾ ಹೋದೆ. ಯಲ್ಲಾಪುರದ ಕೂಸು ಮೊದಲು ವಾದ ಮಾಡಿದಳು, ಆಮೇಲೆ ಸುಮ್ಮನಾದಳು. ಎರಡನೇ ದಿನ ಸಂಜೆ ಕಾರನ್ನು ಕಿಸೆಗೆ ಹಾಕಿಕೊಂಡು ಒಳಗೆ ಹೋದವಳು ಚಹಾಕ್ಕೂ ಬರಲಿಲ್ಲ. ಭಾನುವಾರದ ಬಸ್ಸಿಗೆ ಅವಳು ಹೊರಡುವವಳು. ನನಗೆ ಕಸಿವಿಸಿಯಾಯಿತು. ಆದರೂ ಕಂಡದ್ದನ್ನೇ ಹೇಳಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆಗ ದೊಡ್ಡವನು, "ಕ್ರಿಕೆಟ್ಟಿನ ಹಾಗೆ ರಿಪ್ಲೇ ನೋಡೋಣ" ಎಂದ. ಅಜ್ಜಂದಿರೇ, ನಿಮಗೆ ನೆನಪಿರಬಹುದು. 1992ರ ನವೆಂಬರಿನಲ್ಲಿ ಡರ್ಬನ್ ಟೆಸ್ಟಿನಲ್ಲಿ ಟಿ.ವಿ. ರಿಪ್ಲೇ ನೋಡಿ ಮೂರನೇ ಅಂಪೈರ್ ರನೌಟ್ ಕೊಟ್ಟ ಮೊಟ್ಟಮೊದಲ ಆಟಗಾರ ನಮ್ಮ ಸಚಿನ್ ತೆಂಡೂಲ್ಕರ್. ಈಗ ಕರಾವಳಿಯ ಕಂಬಳದ ಗದ್ದೆಗೂ ಲೇಸರ್ ಕಿರಣ, ವಿಡಿಯೋ ಬಂದಿವೆ. ನಮ್ಮ ಅಂಗಳಕ್ಕೆ ಬರಲು ಅಡ್ಡಿಯೇನು?

ಮಾಮೂಲಿ ವಿಡಿಯೋ ಎಂದರೆ ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮ ಕಾರು ಕೆಳಗೆ ಬರುವಾಗ ಸೆಕೆಂಡಿಗೆ 3 ಮೀಟರ್ ಓಡುತ್ತದೆಂದು ಇಟ್ಟುಕೊಳ್ಳಿ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಅದು 10 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ಹೆಚ್ಚುಕಡಿಮೆ ತನ್ನ ಉದ್ದದಷ್ಟೇ. ಗೆದ್ದವರು ಯಾರು ಎನ್ನುವುದೇ ಆ ಸಂದಿಯಲ್ಲಿ ಕಳೆದುಹೋಗುತ್ತದೆ. ಈಗಿನ ಅನೇಕ ಫೋನುಗಳಲ್ಲಿ 'ಸ್ಲೋ ಮೋಷನ್' ಎಂದು ಒತ್ತಿದರೆ ಸೆಕೆಂಡಿಗೆ 240 ಚಿತ್ರ ಸಿಗುತ್ತದೆ. ಸಂದಿ ಒಂದು ಬೆರಳಗಲಕ್ಕೆ ಇಳಿಯುತ್ತದೆ. ಆ ವಿಡಿಯೋವನ್ನು ಲ್ಯಾಪ್‌ಟಾಪಿಗೆ ಇಳಿಸಿ, ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಇಂಗ್ಲಿಷಿನ 'ಇ' ಕೀಲಿ ಒತ್ತುತ್ತಾ ಹೋದರೆ ಒಂದೊಂದೇ ಚಿತ್ರ ಮುಂದೆ ಸರಿಯುತ್ತದೆ.

ಮೊದಲ ಪ್ರಯೋಗ ರಾತ್ರಿ, ಟ್ಯೂಬ್‌ಲೈಟಿನಲ್ಲಿ. ಚಿತ್ರವೆಲ್ಲ ಮಿಣಮಿಣ. ನಮ್ಮ ಮನೆಗಳ ಕರೆಂಟಿನಲ್ಲಿ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದಂತೆ. ಕಣ್ಣಿಗೆ ಕಾಣದ್ದು ಆ ಕ್ಯಾಮೆರಾಕ್ಕೆ ಕಾಣುತ್ತದೆ. ಅಷ್ಟರಲ್ಲಿ ಕರೆಂಟೇ ಹೋಯಿತು, ಎಲ್ಲರೂ ಮಲಗಿದೆವು.

ಮರುದಿನ ಬಿಸಿಲಿನಲ್ಲಿ ಮತ್ತೆ ಶುರು. ಫೋನನ್ನು ನನ್ನ ಕುರ್ಚಿಯ ಕೈ ಮೇಲೆ ಇಟ್ಟರು. ಓಡಿಸಿದರು, ಲ್ಯಾಪ್‌ಟಾಪಿನಲ್ಲಿ ನೋಡಿದರು. ಮಾಣಿಯ ಕಾರೇ ಮುಂದೆ! ಅಂಗಳದ ತುಂಬಾ ಅವನ ಕುಣಿತ. "ಈಗ ಕಂಪ್ಯೂಟರೂ ಹೇಳಿತಲ್ಲ" ಎಂದು ನಾನೂ ಬೀಗಿದೆ. ಒಪ್ಪಿಕೊಳ್ಳುತ್ತೇನೆ, ಬೀಗಿದೆ.

ಕೂಸು ಪರದೆಯನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು, "ಅಜ್ಜಾ, ನೀ ಕೂತಲ್ಲೇ ಫೋನೂ ಕೂತ್ಗಂಡಿದ್ದು."

ಏನೂ ಅರ್ಥವಾಗಲಿಲ್ಲ. ಹಲಸಿನ ಹಪ್ಪಳ ಒಣಗಿಸಲು ಅಂಗಳ ಯಾವಾಗ ಖಾಲಿಯಾಗುತ್ತದೆಂದು ಕಾಯುತ್ತಿದ್ದ ನಮ್ಮ ಮನೆಯವಳಿಗೆ ಅರ್ಥವಾಯಿತು. "ತೋಟದಲ್ಲಿ ಅಡಿಕೆ ಗುಂಡಿ ಹೊಡೆಸಕಾದ್ರೆ ನಿಂಗ ಎಂತ ಮಾಡ್ತಿದ್ರಿ? ಗೂಟದ ಹಿಂದೆ ಗೂಟ ಅಡಗ ಹಾಂಗೆ ನಿಂತ್ಕಂಡು ನೋಡ್ತಿದ್ರಿ ಅಲ್ದ?" ಎಂದಳು.

ಹೌದಲ್ಲ! ಸಾಲು ನೆಟ್ಟಗಿದೆಯೋ ಇಲ್ಲವೋ ನೋಡಲು ಒಂದು ಕಣ್ಣು ಮುಚ್ಚಿ, ಮುಂದಿನ ಗೂಟ ಹಿಂದಿನದನ್ನು ಮರೆಮಾಡುವಲ್ಲಿ ನಿಲ್ಲಬೇಕು. ಒಂದು ಹೆಜ್ಜೆ ಆಚೀಚೆಯಾದರೂ ನೆಟ್ಟಗಿರುವ ಸಾಲು ಸೊಟ್ಟ ಕಾಣುತ್ತದೆ. ನನ್ನ ಕುರ್ಚಿ ಇದ್ದದ್ದು ಗುರಿಯ ನೇರಕ್ಕಲ್ಲ, ಅದರ ಹಿಂದೆ, ಕಾರು ಹೊರಡುವ ಕಡೆಗೆ. ಅಲ್ಲಿಂದ ಓರೆಯಾಗಿ ನೋಡಿದರೆ, ಎರಡೂ ಕಾರು ಸಮಸಮ ಬಂದರೂ ಹತ್ತಿರದ ದಬ್ಬೆಯದು ಮುಂದೆ, ದೂರದ್ದು ಹಿಂದೆ. ಹತ್ತಿರದ ದಬ್ಬೆ ಮೊದಲ ದಿನದಿಂದ ಮಾಣಿಯದು. ನೀವೂ ನೋಡಬಹುದು: ಮೇಜಿನ ಮೇಲೆ ಎರಡು ಪೆನ್ಸಿಲ್‌ಗಳನ್ನು ತುದಿ ಸಮನಾಗಿ ದೂರ ದೂರ ಇಟ್ಟು, ಬದಿಯಿಂದ ಓರೆಯಾಗಿ ಇಣುಕಿ.

ದೊಡ್ಡ ಕ್ರೀಡಾಕೂಟಗಳಲ್ಲಿ ಇದಕ್ಕೇ ಬೇರೆ ಕ್ಯಾಮೆರಾ. ಅದು ಮೈದಾನವನ್ನೆಲ್ಲ ನೋಡುವುದಿಲ್ಲ. ಗುರಿಯ ಗೆರೆಯ ನೇರಕ್ಕೆ ನಿಂತು, ಒಂದು ಸಣ್ಣ ಸೀಳಿನಿಂದ ಆ ಗೆರೆಯನ್ನಷ್ಟೇ ನೋಡುತ್ತದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡಿನಲ್ಲಿ ಬಂದರು. ಕಂಚು ಗೆದ್ದ ರುಮೇನಿಯಾದ ಓಟಗಾರ್ತಿಯದು 55.41. ಸೆಕೆಂಡಿನ ನೂರನೇ ಒಂದು ಪಾಲು. ಆ ಕ್ಯಾಮೆರಾ ನನ್ನಂತೆ ಓರೆಯಾಗಿ ಕೂತಿದ್ದರೆ ಅದನ್ನು ಯಾರು ತಾನೇ ನಂಬುತ್ತಿದ್ದರು?

ದಬ್ಬೆಗಳ ಆಚೆ ಬದಿಗೂ ಒಂದು ಕೋಲು ಊರಿದೆವು. ಅಕ್ಕಿ ತುಂಬಿದ ಸೇರಿನಲ್ಲಿ ಫೋನನ್ನು ಸಿಕ್ಕಿಸಿ ಕಾರಿನ ಎತ್ತರಕ್ಕೇ ನೆಲದ ಮೇಲೆ ಇಟ್ಟೆವು. ಪರದೆಯಲ್ಲಿ ಎರಡು ಕೋಲು ಒಂದೇ ಕೋಲಾಗಿ ಕಾಣುವವರೆಗೂ ಕೂಸು ಸೇರನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸಿದಳು. ಪ್ರತಿ ಓಟಕ್ಕೂ ದಬ್ಬೆ ಅದಲುಬದಲು ಎಂದು ದೊಡ್ಡವನು ನಿಯಮ ಹಾಕಿದ.

ನಾಲ್ಕು ಓಟ. ಕೂಸಿಗೆ ಎರಡು, ಮಾಣಿಗೆ ಒಂದು. ಇನ್ನೊಂದರಲ್ಲಿ ಒಂದು ಚಿತ್ರದಲ್ಲಿ ಎರಡೂ ಕಾರು ಕೋಲಿನ ಈಚೆ, ಮುಂದಿನ ಚಿತ್ರದಲ್ಲಿ ಎರಡೂ ಆಚೆ. ಸೆಕೆಂಡಿನ 240ನೇ ಪಾಲಿನೊಳಗೆ ನಡೆದದ್ದು ನಮ್ಮ ಫೋನಿಗೆ ಗೊತ್ತಿಲ್ಲ. ಸಮ ಎಂದೆವು.

ಗೋಡೆಯ ಗೀಟು ಏನು ಮಾಡುವುದು? "ಅದರಲ್ಲಿ ಕೆಲವಾದರೂ ನಾನು ನಿಜವಾಗಿ ಗೆದ್ದದ್ದಿರುತ್ತದೆ ಅಜ್ಜ" ಎಂದ ಮಾಣಿ. ಅವನು ಹೇಳಿದ್ದೂ ಸುಳ್ಳಲ್ಲ. ಆದರೆ ಯಾವುವು ಎಂದು ಹೇಳಲು ನನ್ನಿಂದಾಗುವುದಿಲ್ಲವಲ್ಲ. ಒದ್ದೆ ಬಟ್ಟೆ ತಂದು ಎಲ್ಲವನ್ನೂ ಒರೆಸಿದೆ. ತೀರ್ಪು ತಪ್ಪಿದ್ದು ನಾನು ಎಂದು ಇಬ್ಬರಿಗೂ ಹೇಳಿದೆ. ಮಾಣಿ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದ. ಆಮೇಲೆ ಅವನೇ ಕೂಸಿನ ಕಾರಿನ ಸಡಿಲಾದ ಮುಚ್ಚಳ ಬಿಗಿ ಮಾಡಿಕೊಟ್ಟ.

ಭಾನುವಾರ ಬಸ್ಸು ಹತ್ತುವ ಮುಂಚೆ ಕೂಸು ಹೇಳಿ ಹೋಗಿದ್ದಾಳೆ, ದೀಪಾವಳಿಗೆ ಬರುವವರೆಗೆ ಕೋಲು ಕೀಳಬಾರದೆಂದು. ಅಷ್ಟರೊಳಗೆ ಮಳೆಗಾಲ ಇದೆ. ದಾಸವಾಳದ ಕೋಲು ಚಿಗುರೀತು ಎಂದರೆ, "ಚಿಗುರಲಿ, ಸಾಲು ಮಾತ್ರ ತಪ್ಪಬಾರದು" ಎಂದಳು. ಅಂಗಳದಲ್ಲಿ ಈಗ ಎರಡು ಕೋಲುಗಳ ಸುತ್ತ ಹಪ್ಪಳ ಒಣಗುತ್ತಿದೆ.