ಕೆಲಸ ಬಿಟ್ಟು ತಾಹಿತಿಗೆ ಹೋದವನೂ, ವೀಕೆಂಡಿಗೆ ಊರಿಗೆ ಹೋಗುವ ನಾವೂ

ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಆಫೀಸಿನ ಕ್ಯಾಂಟೀನಿನಲ್ಲಿ ಕೂತರೂ ವಾರಕ್ಕೊಂದು ಸಲವಾದರೂ ಕಿವಿಗೆ ಬೀಳುವ ಮಾತೊಂದಿದೆ. "ಸಾಕಾಯ್ತು ಮಗಾ, ಎಲ್ಲಾ ಬಿಟ್ಟು ಯಾವುದಾದ್ರೂ ಹಳ್ಳಿಗೆ ಹೋಗಿ ನೆಮ್ಮದಿಯಾಗಿ ಇದ್ದುಬಿಡೋಣ ಅನ್ಸುತ್ತೆ." ಹೀಗನ್ನುವವರಲ್ಲಿ ಅರ್ಧ ಜನ ಹಳ್ಳಿ ಅಂತ ನೋಡಿರೋದು ರೆಸಾರ್ಟಿನಲ್ಲಿ. ಇನ್ನರ್ಧ ಜನ ನಮ್ಮಂಥವರು, ಹಳ್ಳಿಯಿಂದಲೇ ಬಂದವರು. ನಾವೂ ಹಾಗೇ ಅಂತೀವಿ, ಅದೇ ತಮಾಷೆ.

ಈ ಮಾತಿಗೆ ಒಬ್ಬ ಆದಿಪುರುಷ ಇದ್ದಾನೆ. ಪಾಲ್ ಗೋಗ್ಯಾಂ, ಫ್ರಾನ್ಸಿನ ಚಿತ್ರಕಾರ. (ಅಕ್ಷರ ನೋಡಿ ಓದಿದರೆ "ಗಾಗಿನ್" ಅಂತ ಬರುತ್ತೆ, ಫ್ರೆಂಚರ ಬಾಯಲ್ಲಿ ಕೊನೆಯದು ಮೂಗಿನಲ್ಲೇ ಮುಗಿದುಹೋಗುತ್ತೆ.) ಅವನ ಕಥೆ ಸಾಮಾನ್ಯವಾಗಿ ಹೀಗೆ ಹೇಳಲ್ಪಡುತ್ತೆ: ಪ್ಯಾರಿಸ್ಸಿನಲ್ಲಿ ಷೇರುಪೇಟೆಯ ಕೆಲಸ, ಕೈತುಂಬ ಸಂಬಳ, ಹೆಂಡತಿ, ಐದು ಮಕ್ಕಳು. ಒಂದು ದಿನ ಎಲ್ಲವನ್ನೂ ಒದ್ದು ದಕ್ಷಿಣ ಸಮುದ್ರದ ದ್ವೀಪಕ್ಕೆ ಹೋದ, ಮಹಾನ್ ಕಲಾವಿದನಾದ. 1919ರಲ್ಲಿ ಸಾಮರ್‌ಸೆಟ್ ಮಾಮ್ ಇದೇ ಎಳೆ ಹಿಡಿದು 'ದಿ ಮೂನ್ ಅಂಡ್ ಸಿಕ್ಸ್‌ಪೆನ್ಸ್' ಕಾದಂಬರಿ ಬರೆದ ಮೇಲಂತೂ ಈ ಕಥೆ ಗಟ್ಟಿಯಾಗಿ ಕೂತುಬಿಟ್ಟಿತು.

ನಿಜ ಅಷ್ಟು ಸಿನಿಮೀಯ ಅಲ್ಲ. 1848ರಲ್ಲಿ ಹುಟ್ಟಿದ ಗೋಗ್ಯಾಂ ಎಳವೆಯ ಕೆಲವು ವರ್ಷ ಕಳೆದಿದ್ದು ತಾಯಿಯ ಸಂಬಂಧಿಕರಿದ್ದ ಪೆರುವಿನ ಲಿಮಾದಲ್ಲಿ. ಆಮೇಲೆ ಹಡಗಿನಲ್ಲಿ ದುಡಿದ, ನಂತರ ಷೇರುಪೇಟೆ ಸೇರಿದ. ಕೆಲಸದಲ್ಲಿದ್ದಾಗಲೇ ಪಿಸ್ಸಾರೊ ಎಂಬ ಹಿರಿಯ ಚಿತ್ರಕಾರನ ಹತ್ತಿರ ಕಲಿತ, 1879ರಿಂದ ಇಂಪ್ರೆಷನಿಸ್ಟರ ಪ್ರದರ್ಶನಗಳಲ್ಲಿ ತನ್ನ ಕೃತಿಗಳನ್ನೂ ಇಟ್ಟ. ಅಂದರೆ ನಮ್ಮ ಭಾಷೆಯಲ್ಲಿ ಅದು ಅವನ 'ಸೈಡ್ ಪ್ರಾಜೆಕ್ಟ್'. 1882ರಲ್ಲಿ ಪ್ಯಾರಿಸ್ ಷೇರುಪೇಟೆ ಕುಸಿಯಿತು. 1883ರಲ್ಲಿ, ಚಿತ್ರ ಬರೆದೇ ಸಂಸಾರ ಸಾಕಬಹುದು ಎಂಬ ಲೆಕ್ಕಾಚಾರದಲ್ಲಿ ಅವನು ಆ ಕೆಲಸದಿಂದ ಹೊರಬಂದ. ಲೆಕ್ಕ ಪೂರ್ತಿ ತಪ್ಪಿತು. ಹೆಂಡತಿ ಮೆಟ್ಟೆ ಡೆನ್ಮಾರ್ಕಿನವಳು, ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಇವನೂ ಹಿಂದೆ ಹೋಗಿ ಕೋಪನ್‌ಹೇಗನ್‌ನಲ್ಲಿ ಟಾರ್ಪಾಲು ಮಾರಾಟದ ಏಜೆಂಟಾದ, ಅದೂ ನಡೀಲಿಲ್ಲ. 1885ರಲ್ಲಿ ಪ್ಯಾರಿಸ್ಸಿಗೆ ವಾಪಸ್. ಒಂದು ಹೊತ್ತಿನಲ್ಲಿ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸವನ್ನೂ ಮಾಡಿದ. 'ಎಲ್ಲ ಬಿಟ್ಟು ಹೋಗೋದು' ಅಂದರೆ ಇದು. ಇದನ್ನು ಯಾರೂ ಸ್ಟೇಟಸ್ ಹಾಕೋದಿಲ್ಲ.

ಮತ್ತೆ ಆ ಎಲ್ಲವನ್ನೂ ಬಿಟ್ಟಿದ್ದು ಅವನೊಬ್ಬನೇ ಅಲ್ಲ. ಐದು ಮಕ್ಕಳನ್ನು ಬೆಳೆಸಲು ಮೆಟ್ಟೆ ಭಾಷಾಂತರ ಮಾಡಿದಳು, ಫ್ರೆಂಚ್ ಪಾಠ ಹೇಳಿಕೊಟ್ಟಳು. ಕನಸು ಕಾಣುವವನ ಬಿಲ್ಲು ಯಾವಾಗಲೂ ಇನ್ನೊಬ್ಬರ ಹೆಸರಿಗೆ ಬರುತ್ತೆ.

ಇಷ್ಟಾದರೂ ಅವನ ಕಲೆ ದೊಡ್ಡದು, ಅದರಲ್ಲಿ ನನಗೆ ಅನುಮಾನ ಇಲ್ಲ. ಕಣ್ಣಿಗೆ ಕಂಡ ಬೆಳಕನ್ನು ಚುಕ್ಕಿಚುಕ್ಕಿಯಾಗಿ ಹಿಡಿಯುವ ಇಂಪ್ರೆಷನಿಸ್ಟರ ದಾರಿ ಬಿಟ್ಟು, ಅಗಲವಾದ ಅಚ್ಚ ಬಣ್ಣದ ಹರವು, ಅದರ ಸುತ್ತ ಗಟ್ಟಿ ಗೆರೆ, ನೆರಳಿಲ್ಲದ ಮೈ. ಮರಳು ಗುಲಾಬಿ ಬಣ್ಣಕ್ಕಿರಬಹುದು, ಹುಲ್ಲು ಕೆಂಪಗಿರಬಹುದು. ಇದನ್ನು ನೋಡಿದರೆ ನಮಗೆ ವಿಚಿತ್ರ ಅನ್ನಿಸಬಾರದು. ನಮ್ಮ ಕಡೆಯ ದೇವಸ್ಥಾನದ ಗೋಡೆ ಚಿತ್ರಗಳಲ್ಲಾಗಲೀ ಮೈಸೂರು ಶೈಲಿಯ ಪಟಗಳಲ್ಲಾಗಲೀ ಬಣ್ಣ ಇರೋದು ಹೀಗೇ ತಾನೆ? ಯುರೋಪು ನಾನೂರು ವರ್ಷ ಕಲಿತಿದ್ದನ್ನು ಬಿಟ್ಟು ಗೋಗ್ಯಾಂ ಪೂರ್ವದ ಕಡೆಗೇ ಬಂದ. ತಾಹಿತಿಗೆ ಹೋಗುವಾಗ ಅವನ ಪೆಟ್ಟಿಗೆಯಲ್ಲಿ ಜಾವಾದ ಬೊರೊಬುದೂರ್ ಸ್ತೂಪದ ಉಬ್ಬುಶಿಲ್ಪಗಳ ಫೋಟೋ ಇದ್ದವು. 1891ರ 'ಇಯಾ ಒರಾನ ಮರಿಯಾ' ಚಿತ್ರದಲ್ಲಿ ಮೇರಿಯ ಮುಂದೆ ಕೈಮುಗಿದು ನಿಂತ ಹೆಂಗಸರ ಭಂಗಿ ಸೀದಾ ಆ ಬೌದ್ಧ ಶಿಲ್ಪದಿಂದ ಎತ್ತಿದ್ದು!

ನನ್ನ ತಕರಾರು ಶುರುವಾಗೋದು ಇಲ್ಲಿಂದ ಮುಂದೆ. 1891ರಲ್ಲಿ ಅವನು ತಾಹಿತಿಯ ಪಪೀತೆಗೆ ಇಳಿದಾಗ ಅದು ಆಗಲೇ ಫ್ರಾನ್ಸಿನ ವಸಾಹತು, 1880ರಲ್ಲೇ ವಶವಾಗಿತ್ತು. ಅಲ್ಲಿ ಚರ್ಚುಗಳಿದ್ದವು, ತಗಡಿನ ಸೂರಿತ್ತು, ಹೆಂಗಸರು ಪಾದ್ರಿಗಳು ಕಲಿಸಿದ ಕತ್ತಿನಿಂದ ಕಾಲಿನವರೆಗಿನ ನಿಲುವಂಗಿ ತೊಡುತ್ತಿದ್ದರು. ಅವನು ಹುಡುಕಿಕೊಂಡು ಹೋದ 'ಮುಟ್ಟದ ಸ್ವರ್ಗ' ಅಲ್ಲಿರಲಿಲ್ಲ. ಏನು ಮಾಡಿದ? ತಾನೇ ಸೃಷ್ಟಿಸಿದ. ಹಳೆಯ ದೇವರುಗಳ ಬಗ್ಗೆ ಹೇಳುವವರು ಕಡಿಮೆಯಾಗಿದ್ದರು. ಹಾಗಾಗಿ ಮೂರೆನ್‌ಹೌಟ್ ಎಂಬಾತ 1837ರಲ್ಲಿ ಬರೆದಿದ್ದ ಪುಸ್ತಕದಿಂದ ಪುರಾಣಗಳನ್ನು ನಕಲು ಮಾಡಿಕೊಂಡ. ಆಮೇಲೆ ತನ್ನ 'ನೋವಾ ನೋವಾ' ಪುಸ್ತಕದಲ್ಲಿ ಇದೆಲ್ಲ ತನ್ನ ಜೊತೆಗಿದ್ದ ಹುಡುಗಿಯ ಬಾಯಿಂದ ಕೇಳಿದ್ದು ಅನ್ನೋ ಹಾಗೆ ಬರೆದ. ಕಾಪಿ-ಪೇಸ್ಟ್ ಮಾಡಿ ಕಾಮೆಂಟಿನಲ್ಲಿ ಬೇರೆಯವರ ಹೆಸರು ಹಾಕೋದು ಅಂತೀವಲ್ಲ, ಅದೇ!

ಆ ಹುಡುಗಿಯ ಹೆಸರು ತೆಹಾಮನ. ವಯಸ್ಸು ಸುಮಾರು ಹದಿಮೂರು ಅಂತ ಅವನೇ ಬರೆದಿದ್ದಾನೆ. ಅವನಿಗೆ ನಲವತ್ತು ದಾಟಿತ್ತು. ಇದನ್ನು 'ಆ ಕಾಲ ಹಾಗಿತ್ತು' ಅಂತ ಹೇಳಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಒಬ್ಬಳೇ ಆಗಿರಲಿಲ್ಲ, ಆಮೇಲೂ ಹದಿನಾಲ್ಕರ ಆಸುಪಾಸಿನ ಹುಡುಗಿಯರಿದ್ದರು. ಕಡಲಾಚೆ ಕೋಪನ್‌ಹೇಗನ್‌ನಲ್ಲಿ ಅವನ ಮಗಳು ಅಲೀನ್ ಹತ್ತೊಂಬತ್ತಕ್ಕೇ 1897ರಲ್ಲಿ ತೀರಿಕೊಂಡಾಗ ಅವನಿಗೆ ಸುದ್ದಿ ತಲುಪಿದ್ದು ಕಾಗದದಲ್ಲಿ. ಆ ದುಃಖದ ತಿಂಗಳುಗಳಲ್ಲೇ ಅವನು ಸುಮಾರು ಹನ್ನೆರಡು ಅಡಿ ಅಗಲದ ಆ ದೊಡ್ಡ ಚಿತ್ರ ಬರೆದ. ನಾವು ಎಲ್ಲಿಂದ ಬಂದೆವು, ಏನಾಗಿದ್ದೇವೆ, ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಕೇಳುವ ಚಿತ್ರ. ಈಗ ಬಾಸ್ಟನ್ ಮ್ಯೂಸಿಯಮ್ಮಿನಲ್ಲಿದೆ.

ಅವನ ಪರವಾಗಿಯೂ ಹೇಳಬೇಕಾದ್ದಿದೆ. 1901ರಲ್ಲಿ ಮಾರ್ಕೀಸಸ್ ದ್ವೀಪಗಳಿಗೆ ಹೋದ ಮೇಲೆ ಅಲ್ಲಿನ ಜನರ ಪರ ಫ್ರೆಂಚ್ ಅಧಿಕಾರಿಗಳ ಜೊತೆ ಜಗಳ ತೆಗೆದ, ತೆರಿಗೆ ಕಟ್ಟಬೇಡಿ ಅಂದ. 1903ರಲ್ಲಿ ಮೂರು ತಿಂಗಳ ಜೈಲು ಶಿಕ್ಷೆಯೂ ಆಯಿತು, ಅದನ್ನು ಅನುಭವಿಸುವ ಮೊದಲೇ ಅದೇ ಮೇ ತಿಂಗಳಲ್ಲಿ ಸತ್ತ. 1893ರಲ್ಲಿ ಅವನು ಬರೆದ ತೆಹಾಮನಳ ಭಾವಚಿತ್ರವನ್ನು ನೋಡಿ (ಶಿಕಾಗೋದಲ್ಲಿದೆ, ನೆಟ್ಟಿನಲ್ಲಿ ಸಿಗುತ್ತೆ). ಅದರಲ್ಲಿ ಅವಳು ತೊಟ್ಟಿರುವುದು ಪಾದ್ರಿಗಳ ಪಟ್ಟೆಪಟ್ಟೆ ನಿಲುವಂಗಿಯನ್ನೇ. ಹಿಂದಿನ ಗೋಡೆ ತುಂಬ ಅವನ ಕಲ್ಪನೆ, ಈಸ್ಟರ್ ದ್ವೀಪದ ಲಿಪಿ, ನಮ್ಮ ದೇವತೆಯನ್ನು ಹೋಲುವ ವಿಗ್ರಹ. ಮುಂದೆ ಕೂತ ಹುಡುಗಿ ಮಾತ್ರ ನಿಜ. ಆ ಕಣ್ಣುಗಳಲ್ಲಿ ಸ್ವರ್ಗ ಗಿರ್ಗ ಏನೂ ಇಲ್ಲ. ಕಲಾವಿದನ ಕೈ ಅವನ ಸುಳ್ಳಿಗಿಂತ ಪ್ರಾಮಾಣಿಕವಾಗಿತ್ತು ಅನ್ನಿಸುತ್ತೆ.

2019ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಅವನ ಭಾವಚಿತ್ರಗಳ ಪ್ರದರ್ಶನ ನಡೆದಾಗ, ಇನ್ನು ಇವನನ್ನು ನೋಡುವುದನ್ನೇ ನಿಲ್ಲಿಸಬೇಕಾ ಎಂಬ ಪ್ರಶ್ನೆ ಎದ್ದಿತ್ತು. ನನ್ನ ಅಭಿಪ್ರಾಯ: ನಿಲ್ಲಿಸಬಾರದು. ಚಿತ್ರ ಗೋಡೆಯ ಮೇಲೇ ಇರಲಿ, ಪಕ್ಕದ ಚೀಟಿಯಲ್ಲಿ ಆ ಹುಡುಗಿಯ ಹೆಸರೂ ವಯಸ್ಸೂ ಇರಲಿ. ಎರಡನ್ನೂ ಓದಿಕೊಂಡು ನೋಡುವಷ್ಟು ದೊಡ್ಡವರು ನಾವಾಗಬೇಕು.

ಇದೆಲ್ಲ ಬಿಡಪ್ಪ, ದಂಡಿಗನಹಳ್ಳಿ ಹೋಬಳಿಯವನಿಗೆ ಯಾಕೆ ತಾಹಿತಿ ಉಸಾಬರಿ ಅಂತ ನೀವು ಕೇಳಬಹುದು. ಕಾರಣ ಇದೆ. ಅವನ ಕಣ್ಣು ಈಗ ನಮಗೆ ಬಂದಿದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಚನ್ನರಾಯಪಟ್ಟಣದಲ್ಲಿ ಇಳಿದು ಊರು ಸೇರುವ ನಮ್ಮಂಥವರು ಬೆಳಗ್ಗೆ ಎದ್ದು ಮೊದಲು ಮಾಡೋದು ಫೋಟೋ ತೆಗೆಯೋದು. ತೆಂಗಿನ ತೋಟದ ಸಂದಿಯ ಬಿಸಿಲು, ಹೆಂಚಿನ ಮನೆ, ಕಣದಲ್ಲಿ ರಾಗಿ, ಸೆರಗು ಹೊದ್ದ ಅಜ್ಜಿ. ಕೆಳಗೆ 'ಸ್ವರ್ಗ' ಅಂತ ಒಂದು ಪದ. ಕರೆಂಟು ಕಂಬ ಬಂದರೆ ಕತ್ತರಿಸುತ್ತೀವಿ, ಪ್ಲಾಸ್ಟಿಕ್ ಬಿಂದಿಗೆ ಇದ್ದರೆ ಪಕ್ಕಕ್ಕೆ ಸರಿಸುತ್ತೀವಿ. ಗೋಗ್ಯಾಂ ತಗಡಿನ ಸೂರನ್ನು ಬಿಟ್ಟು ಬರೆದ ಹಾಗೇ.

ಆ ಚೌಕಟ್ಟಿನ ಆಚೆ ಇರೋದೇನು? ಬರದ ವರ್ಷಗಳಲ್ಲಿ ಸುಳಿ ಒಣಗಿ ಬೋಳಾಗಿ ನಿಂತ ತೆಂಗಿನ ಮರಗಳು. ನೀರು ಬಾರದ ಬೋರ್‌ವೆಲ್ಲಿನ ಸಾಲ. ಕೊಬ್ಬರಿ ಖರೀದಿ ಕೇಂದ್ರದ ಮುಂದಿನ ಸರದಿ. ಮದುವೆಗೆ ಹೆಣ್ಣು ಸಿಗದೆ ಮೂವತ್ತೈದು ದಾಟಿದ ರೈತ ಹುಡುಗರು. ಆ ಅಜ್ಜಿಗೆ ಮಂಡಿ ನೋವು, ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಮನೆಯಲ್ಲಿ ಗಂಡಸರಿಲ್ಲ, ಯಾಕೆಂದರೆ ಆ ಗಂಡಸರು ನಾವೇ. ಬೆಂಗಳೂರಲ್ಲಿ ಕೂತು ಅಜ್ಜಿಯ ಫೋಟೋಕ್ಕೆ ಎಷ್ಟು ಲೈಕು ಬಂತು ಅಂತ ನೋಡುತ್ತಿರುತ್ತೀವಿ.

ಹಾಗಾದರೆ ದೂರ ಹೋದವನು ಊರನ್ನು ಬರೆಯಲೇಬಾರದಾ? ಇಲ್ಲೇ ನನಗೆ ಕೆ.ಕೆ. ಹೆಬ್ಬಾರರು ನೆನಪಾಗುವುದು. ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್, 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಪಾಠ ಮಾಡಿದರು, ಬದುಕು ಪೂರ್ತಿ ಮುಂಬೈನಲ್ಲೇ ಕಳೆಯಿತು, 1996ರಲ್ಲಿ ತೀರಿಕೊಂಡಿದ್ದೂ ಅಲ್ಲೇ. ಅಂದರೆ ಅವರೂ ನಮ್ಮ ಹಾಗೆ ಊರು ಬಿಟ್ಟವರೇ. 1940ರ ದಶಕದ ಅವರ ಕೇರಳದ ಚಿತ್ರಗಳಲ್ಲಿ ಗೋಗ್ಯಾಂ ಪ್ರಭಾವ ಢಾಳಾಗಿದೆ, ಜೊತೆಗೆ ಅಮೃತಾ ಶೇರ್‌ಗಿಲ್ ಅವರದ್ದೂ. ಆಕೆಯೂ ಪ್ಯಾರಿಸ್ಸಿನಲ್ಲಿ ಕಲಿತು, ಗೋಗ್ಯಾಂನನ್ನು ಮೆಚ್ಚಿ, 1934ರ ಕೊನೆಗೆ ಭಾರತಕ್ಕೆ ಮರಳಿದವರು. ಅಜಂತಾ ಮತ್ತು ದಕ್ಷಿಣ ಭಾರತ ಸುತ್ತಿದ ಮೇಲೆ ಅವರ ಬಣ್ಣಗಳೇ ಬೇರೆಯಾದವು. 1941ರಲ್ಲಿ ಇಪ್ಪತ್ತೆಂಟಕ್ಕೇ ಹೋಗಿಬಿಟ್ಟರು.

ಹೆಬ್ಬಾರರು 1949ರಲ್ಲಿ ಪ್ಯಾರಿಸ್ಸಿಗೆ ಹೋದಾಗ ವಯಸ್ಸು ಮೂವತ್ತೆಂಟು, ಇಲ್ಲಿ ಆಗಲೇ ಹೆಸರಾಗಿತ್ತು. ಆದರೂ ಅಕಾದೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂತರು, ಅಲ್ಲೇ ಇನ್ನೊಂದು ಶಾಲೆಯಲ್ಲಿ ಎನ್‌ಗ್ರೇವಿಂಗ್ ಕಲಿತರು. ಕಲಿತು ವಾಪಸ್ ಬಂದರು. ಬಂದ ಮೇಲೆ ಬರೆದಿದ್ದೇನು? ಕೋಳಿ ಅಂಕ, ಯಕ್ಷಗಾನ, ನಾಗಮಂಡಲ, ಹಸಿದ ಜನ, ಕಟ್ಟಡ ಕಟ್ಟುವ ಕೂಲಿಗಳು. ಪ್ಯಾರಿಸ್ಸಿನಿಂದ ತಂದ ಕಸುಬಿನಲ್ಲಿ ತಮ್ಮ ಕಡೆಯ ಮಣ್ಣನ್ನೂ ಮುಂಬೈಯ ಬೆವರನ್ನೂ ಬರೆದರು. ಒಂದೇ ಉಸಿರಿನಲ್ಲಿ ಎಳೆದ ಹಾಗಿರುವ ಅವರ ರೇಖಾಚಿತ್ರಗಳಲ್ಲಿ ಯಕ್ಷಗಾನದ ಪಾತ್ರಧಾರಿ ಕುಣಿದೇ ಬಿಡುತ್ತಾನೆ.

ಆ ಗೆರೆ ಹೇಗೆ ಬಂತು? ನೃತ್ಯದ ಲಯ ಕೈಗೆ ಹತ್ತಬೇಕು ಅಂತ ಅವರು ಪಂಡಿತ್ ಸುಂದರ್ ಪ್ರಸಾದ್ ಅವರ ಹತ್ತಿರ ಸ್ವತಃ ಕಥಕ್ ಕಲಿತಿದ್ದರು! ನನ್ನ ಪ್ರಕಾರ ಇಡೀ ವ್ಯತ್ಯಾಸ ಇರೋದು ಇಲ್ಲಿ. ಗೋಗ್ಯಾಂ ತಾಹಿತಿಯ ದೇವರುಗಳನ್ನು ಪುಸ್ತಕದಿಂದ ಎತ್ತಿದ. ಹೆಬ್ಬಾರರು ಕುಣಿತವನ್ನು ಬರೆಯಲು ತಮ್ಮ ಮೈಯನ್ನೇ ಕುಣಿಸಿದರು. ಒಬ್ಬ ಹೊರಗಿನವನು, ಇನ್ನೊಬ್ಬರು ಒಳಗಿನವರು ಅನ್ನೋದಲ್ಲ ವಿಷಯ. ಕಥಕ್ ಉಡುಪಿಯದ್ದೇನೂ ಅಲ್ಲವಲ್ಲ. ನೋಡುವ ವಸ್ತುವಿಗಾಗಿ ನಾವು ಎಷ್ಟು ಕಷ್ಟ ತಗೋತೀವಿ, ಅದರ ನಿಜವನ್ನು ಎಷ್ಟು ಉಳಿಸಿಕೊಳ್ಳುತ್ತೀವಿ ಅನ್ನೋದು ವಿಷಯ.

ಗೋಗ್ಯಾಂ 1892ರಲ್ಲಿ ಬರೆದ ಒಂದು ತಾಹಿತಿ ಚಿತ್ರ 2014ರಲ್ಲಿ ಸುಮಾರು 21 ಕೋಟಿ ಡಾಲರಿಗೆ ಮಾರಾಟವಾಯಿತು. ಅವನ ಸುದ್ದಿ ನಮಗೆ ತಾನಾಗೇ ಬಂದು ತಲುಪುತ್ತೆ. ಹೆಬ್ಬಾರರಿಗೆ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಎಲ್ಲ ಬಂತು, ಅವರ ಕೃತಿಗಳು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿವೆ. ಆದರೆ ನಮ್ಮ ಟೀಮಿನಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು ಅಂತ ಕೇಳಿ ನೋಡಿ. ಕನ್ನಡ ಮೀಡಿಯಂನಲ್ಲಿ ಓದಿದ ನಮಗೆ ಡ್ರಾಯಿಂಗ್ ಪೀರಿಯಡ್ ಅಂದರೆ ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸುವ ಪೀರಿಯಡ್ ಆಗಿತ್ತು. ನೋಡುವುದನ್ನು ಯಾರೂ ಕಲಿಸಲಿಲ್ಲ. ಕ್ಯಾಮೆರಾ ಮಾತ್ರ ಎಲ್ಲರ ಕೈಗೂ ಬಂತು.

ಫೋಟೋ ತೆಗೀಬೇಡಿ ಅಂತ ನಾನು ಹೇಳೋದಿಲ್ಲ, ನಾನೂ ತೆಗೀತೀನಿ. ಪ್ಲಾಸ್ಟಿಕ್ ಬಿಂದಿಗೆಯನ್ನು ಅಲ್ಲೇ ಇರಲು ಬಿಡೋಣ ಅಂತೀನಿ ಅಷ್ಟೇ. ಕರೆಂಟು ಕಂಬವೂ ಇರಲಿ, ಒಣಗಿದ ತೆಂಗೂ ಇರಲಿ. 'ಸ್ವರ್ಗ' ಅಂತ ಬರೆಯುವ ಜಾಗದಲ್ಲಿ ಅಜ್ಜಿಯ ಹೆಸರು ಬರೆಯೋಣ, ಮೊದಲು ಅವರನ್ನು ಕೇಳಿ. ಆಮೇಲೆ ಮೊಬೈಲು ಜೇಬಿಗಿಟ್ಟು ಅವರ ಜೊತೆ ಒಂದು ಗಂಟೆ ಕಾಯಿ ಸುಲಿಯೋಣ. ಅದು ನಮ್ಮ ಪಾಲಿನ ಕಥಕ್ :)

ನೀವೇನಂತೀರಿ?