ಇದರಿಂದೇನು ಲಾಭ ಎನ್ನುವವರಿಗೆ

ಬೆಳೆದ ಗಂಡಸೊಬ್ಬ ಮನೆಯಲ್ಲಿ ಕೂತು ಆಟದ ರೈಲು ಓಡಿಸುತ್ತಾನೆ ಎಂದರೆ ನಮಗೆ ಮೊದಲು ಬರುವುದು ನಗು. ಆಮೇಲೆ 'ಇದರಿಂದೇನು ಲಾಭ?' ಎಂಬ ಪ್ರಶ್ನೆ. ಹೀಗೆ ಕೇಳುವುದನ್ನೇ ನಾವು ಬುದ್ಧಿವಂತಿಕೆ ಅಂದುಕೊಂಡಿದ್ದೇವೆ. ಅದು ಬುದ್ಧಿವಂತಿಕೆಯಲ್ಲ, ಮನಸ್ಸಿನ ದಾರಿದ್ರ್ಯ.

ಅಮೆರಿಕದ ಮಾಂಟೆರೆಯಲ್ಲಿ ಜಾನ್ ಅಲೆನ್ (1913-1973) ಎಂಬ ಛಾಯಾಗ್ರಾಹಕನಿದ್ದ. ಮನೆಯ ನೆಲಮಾಳಿಗೆಯಲ್ಲಿ ಅವನು ಒಂದು ಕಾಲ್ಪನಿಕ ರೈಲು ಕಂಪೆನಿಯನ್ನೇ ಕಟ್ಟಿದ. ನೆಲದಿಂದ ಸೂರಿನ ತನಕ ಪ್ಲಾಸ್ಟರಿನ ಬೆಟ್ಟಗಳು, ಕಣಿವೆಗಳು, ಸೇತುವೆಗಳು. ಜಾಗ ಸಾಲದ ಕಡೆ ಕನ್ನಡಿ ಇಟ್ಟು ಊರನ್ನು ಉದ್ದ ಮಾಡಿದ. ಎಲ್ಲರೂ ಹೊಸ ಎಂಜಿನ್ನಿನ ಹೊಳಪಿಗೆ ಮರುಳಾಗುತ್ತಿದ್ದಾಗ ಇವನು ಅದಕ್ಕೆ ತುಕ್ಕು, ಮಸಿ, ಧೂಳಿನ ಬಣ್ಣ ಬಳಿದ. ಬಳ್ಳಾರಿ ನಿಲ್ದಾಣದಲ್ಲಿ ಅದಿರಿನ ಕೆಂಪು ಮೆತ್ತಿಕೊಂಡ ವ್ಯಾಗನ್ನುಗಳನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ದುಡಿದ ವಸ್ತುವಿನ ಮೈಯಲ್ಲಿ ಅದರ ಆಯುಷ್ಯ ಕಾಣುತ್ತದೆ. 1973ರ ಜನವರಿಯಲ್ಲಿ ಅವನು ತೀರಿಕೊಂಡ. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಕಟ್ಟಿದ್ದರಲ್ಲಿ ಬಹುಪಾಲು ನಾಶವಾಯಿತು. ಅವನು ತೆಗೆದ ಫೋಟೋಗಳನ್ನು ನೋಡಿ ಜನ ಇಂದಿಗೂ ಕಲಿಯುತ್ತಾರೆ.

'ಅದೆಲ್ಲ ಉಳ್ಳವರ ಶೋಕಿ' ಎನ್ನುವವರಿದ್ದಾರೆ. ಅರ್ಧ ಒಪ್ಪೋಣ. ವಿದೇಶಿ ಎಂಜಿನ್ನುಗಳು ದುಬಾರಿ. ಇನ್ನೊಂದು ತೊಡಕೂ ಇದೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:87ರ ಅಳತೆ. ಅದರ ಸಿದ್ಧ ಹಳಿಯ ಅಗಲ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19 ದಾಟುತ್ತದೆ. ಅಂದರೆ ನಮ್ಮ ರೈಲನ್ನು ಸರಿಯಾಗಿ ಮಾಡಬೇಕೆನ್ನುವವನು ಹಳಿಯನ್ನೂ ತಾನೇ ಮಾಡಬೇಕು, ಇಲ್ಲವೇ ರಾಜಿಯಾಗಬೇಕು. ಆದರೂ ಮಾಡುವವರು ಮಾಡಿದ್ದಾರೆ. ಪುಣೆಯಲ್ಲಿ ಬಿ.ಎಸ್. ಜೋಶಿಯವರ ಪುಟಾಣಿ ರೈಲುಗಳ ಮ್ಯೂಸಿಯಂ 1998ರಲ್ಲಿ ತೆರೆಯಿತು.

ಇನ್ನರ್ಧವನ್ನು ನಾವು ಒಪ್ಪುವುದಿಲ್ಲ. ಮೋಕ, ಸಿರುಗುಪ್ಪ, ಕುರುಗೋಡಿನ ಸೀಮೆಗೆ ಈ ವಿದ್ಯೆ ಹೊಸದೇ? ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ತಿದ್ದುವ ಕೈ, ಜೋಳದ ದಂಟಿನಲ್ಲಿ ಬಂಡಿ ಕಟ್ಟುವ ಹುಡುಗನ ಕೈ ಮಾಡುವುದೂ ಇದನ್ನೇ. ಹಿಂದೂಗಳೂ ಮುಸ್ಲಿಮರೂ ಕೂಡಿ ಆಚರಿಸುವ ಮೊಹರಂನ ತಾಬೂತು ಏನು? ಕರ್ಬಲಾದ ಗೋರಿಯನ್ನು ಬಿದಿರು ಕಡ್ಡಿ, ಬಣ್ಣದ ಕಾಗದಗಳಲ್ಲಿ ಚಿಕ್ಕದಾಗಿಸಿ ಕಟ್ಟಿದ್ದು. (ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ, ಕಟ್ಟುವವನ ಕಸುಬುಗಾರಿಕೆಯನ್ನು ಯಾರೂ ಅಲ್ಲಗಳೆಯಲಾರರು.)

ನಮ್ಮ ಸಿಟ್ಟು ಇರುವುದು ಇಲ್ಲಿ. ಉಳ್ಳವನು ಕೈಯಿಂದ ಮಾಡಿದರೆ ಅದು ಕಲೆ. ಗ್ಯಾರೇಜಿನ ಹುಡುಗ ಬೇರಿಂಗು, ತಗಡಿನ ಚೂರು ಕೂಡಿಸಿ ಲಾರಿಯ ಮಾದರಿ ಮಾಡಿದರೆ ಅದು ಪೋಲಿತನ. ಗ್ಯಾರೇಜು, ವೆಲ್ಡಿಂಗು, ಬಡಗಿ ಕೆಲಸಗಳಲ್ಲಿ ನಮ್ಮ ಸಮುದಾಯದ ಎಷ್ಟು ಮಕ್ಕಳಿದ್ದಾರೆ! ಅವರ ಕೈಗೆ ಕೂಲಿ ಕೊಟ್ಟಿದ್ದೇವೆಯೇ ಹೊರತು ಮರ್ಯಾದೆ ಕೊಟ್ಟಿಲ್ಲ. ಶಾಲೆಗೆ ಹೋಗುವ ಮಕ್ಕಳ ಕಥೆಯೂ ಭಿನ್ನವಲ್ಲ. ಕರಕುಶಲದ ಪಿರಿಯಡ್ಡಿಗೆ ಗಣಿತದ ಮೇಷ್ಟ್ರು ಬರುತ್ತಾರೆ. ಮಗು ಮನೆಯಲ್ಲಿ ಬೆಂಕಿಪೊಟ್ಟಣ ಜೋಡಿಸಿ ರೈಲು ಮಾಡಿದರೆ ಅಮ್ಮ ಕಸದ ಜೊತೆ ಗುಡಿಸಿ ಹಾಕುತ್ತಾಳೆ, ಅಪ್ಪ ಟ್ಯೂಷನ್ನಿಗೆ ಅಟ್ಟುತ್ತಾನೆ. ಆ ಮಗು 19 ಮಿಲಿಮೀಟರಿನ ಲೆಕ್ಕವನ್ನು ಟ್ಯೂಷನ್ನಿಗಿಂತ ಮೊದಲು ಆ ಬೆಂಕಿಪೊಟ್ಟಣದಲ್ಲೇ ಕಲಿಯುತ್ತಿತ್ತು ಎಂಬುದು ಇಬ್ಬರಿಗೂ ಹೊಳೆಯುವುದಿಲ್ಲ.

ಊರಿನ ಶಾಲಾ ವಾರ್ಷಿಕೋತ್ಸವದಲ್ಲಿ ಅಂಕ ತೆಗೆದವರಿಗೆ ಹಾರ ಹಾಕಿ, ಬೇಡ ಎನ್ನುವುದಿಲ್ಲ. ಅದೇ ವೇದಿಕೆಯ ಪಕ್ಕದಲ್ಲಿ ಒಂದು ಮೇಜಿಡಿ. ದಂಟಿನ ಬಂಡಿ, ತಗಡಿನ ಲಾರಿ, ಬೆಂಕಿಪೊಟ್ಟಣದ ರೈಲು ತರಲು ಮಕ್ಕಳಿಗೆ ಹೇಳಿ. ಗ್ಯಾರೇಜಿನ ಹುಡುಗನನ್ನೂ ಕರೆಯಿರಿ.